ಕೈಗಡ

ಬೈತಖೋಲ ಬಂದರಿನ ಐಸು ಕಚೇರಿ.
ರಾತ್ರಿ ಒಂಬತ್ತೂವರೆ.
ಕೀಬೋರ್ಡಿನ ಮೇಲೆ ಬಂಗಡೆಯ ಹುರುಪೆ ಒಂದು,
ಒಣಗಿ ಅಂಟಿಕೊಂಡದ್ದು, ಯಾರ ಬೆರಳಿನದೋ.
ಹಳೇ ಡಿಸ್ಕು ಉಪ್ಪುಗಾಳಿ ಕುಡಿದು ಸತ್ತು ಎರಡು ದಿನ.
ಹೊಸದು ಕೂರಿಸಿ, ಹೊಸ ಸಿಸ್ಟಮ್ಮು ತುಂಬಿ,
ಪರದೆ ಬೆಳಗಿದ ತಟ್ಟೆಯ ಹಾಗೆ ಹೊಳೆದಾಗ
ಮುಗೀತು ಅಂದೆ ಮನೋರಮಾಬಾಯಿಗೆ.
ಅವರು ಚಹಾ ತರಿಸಿದರು.
ಮುಗೀತು ಅನ್ನಬಾರದಿತ್ತು.

ಟೋಕನ್ ಕೊಡುವ ಪ್ರೋಗ್ರಾಮು ಬ್ಯಾಕಪ್ಪಿನಿಂದ ಇಳಿದಿತ್ತು,
ಒಂದಕ್ಷರ ಮುಕ್ಕಾಗದೆ.
ಎಂಟರ್ ಒತ್ತಿದೆ. ಒಂದೇ ಸಾಲು:
ಇಂಥ ಹೆಸರಿನ ಫೈಲು ಇಲ್ಲ.
ಇದೆಯಲ್ಲ! ಹೆಸರು ಓದಿದೆ, ಗಾತ್ರ ಓದಿದೆ, ತಾರೀಖು ಓದಿದೆ,
ಮತ್ತೆ ಒತ್ತಿದೆ. ಇಲ್ಲ.
ಬಾಗಿಲು ಹಾಕಿಕೊಂಡು ಒಳಗಿಂದಲೇ
'ಮನೇಲಿ ಯಾರೂ ಇಲ್ಲ' ಎನ್ನುವ ಸಾಲಗಾರನ ಹಾಗೆ.

ಅದು ಮೂವತ್ತೆರಡು ಬಿಟ್ಟಿನ ಕಾಲದ್ದು.
ಅದನ್ನು ಕೈಹಿಡಿದು ಒಳಗೆ ಕರೆಯುವವರೇ
ಈ ಹೊಸ ಮನೆಯಲ್ಲಿ ಇರಲಿಲ್ಲ.
ಕಿಟಕಿಗೆ ಮೊಬೈಲು ಆನಿಸಿಟ್ಟು, ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ
ಆ ಒಬ್ಬನನ್ನು ಕರೆಸಿಕೊಂಡೆ.
ಆಮೇಲೆ ಎಲ್‌ಡಿಡಿ ಎಂದು ಟೈಪಿಸಿ ಕೇಳಿದೆ:
ನೀನು ಯಾರ್ಯಾರನ್ನು ನೆಚ್ಚಿದ್ದೀ, ಎಲ್ಲ ಹೇಳು.
ಹನ್ನೊಂದು ಹೆಸರು ಹೇಳಿತು.
ಮೂರರ ಮುಂದೆ: ಸಿಗಲಿಲ್ಲ. ಸಿಗಲಿಲ್ಲ. ಸಿಗಲಿಲ್ಲ.

'ನಮ್ಮಪ್ಪ ರಂಪಣಿಗೆ ಹೋಗ್ತಿದ್ರು ತಂಗೀ,'
ಮನೋರಮಾಬಾಯಿ ರಶೀದಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು,
ಬೆಳಗಿಗೆ ಕೈಬರಹವೇ ಗತಿ ಎಂಬ ಅಂದಾಜಿನಲ್ಲಿ.
'ಮನೆಗೊಂದು ತುಂಡು ಬಲೆ. ಎಲ್ಲ ಸೇರಿಸಿ ಹೊಲಿದರೆ ರಂಪಣಿ.
ಒಂದು ಮನೇಲಿ ಸೂತಕ ಅಂದ್ರೆ
ಆ ತುಂಡು ಬರ್ತಿರಲಿಲ್ಲ.
ಮೀನು ದಂಡೆಗೇ ಬಂದು ಕುಣೀತಿದ್ರೂ
ಎಲ್ಲರೂ ಮರಳಲ್ಲಿ ಕೂತು ನೋಡೋದು.'
ಗೆರೆ ಸೊಟ್ಟಗಾಯಿತು. ಹಾಳೆ ಹರಿದರು.

ನಾನೊಂದು ಕಳ್ಳಾಟ ಆಡಿದೆ.
ಐದನೇ ನಂಬರು ಇಲ್ಲ, ಆರನೆಯದು ಇದೆ.
ಆರಕ್ಕೇ ಐದೆಂದು ಚೀಟಿ ಅಂಟಿಸಿದೆ,
ಗೇದರ ಕೊಯ್ದು ಇಸ್ವಾಣವೆಂದು ಮಾರುವ ಹಾಗೆ.
ಊರಿಗೆ ಹೊಸಬರು ಕೊಳ್ಳುತ್ತಾರೆ.
ಪ್ರೋಗ್ರಾಮು ಕಣ್ಣು ಬಿಟ್ಟಿತು,
ಬಾಯಿಗಿಟ್ಟು ರುಚಿ ನೋಡಿತು, ಉಗಿಯಿತು.
ಪರದೆ ಕಪ್ಪಾಯಿತು.

ಹನ್ನೊಂದು ಗಂಟೆಗೆ ಮಾಜಾಳಿಗೆ ಫೋನು,
ಬರೆದವರಿಗೇ, ವಾಮನ ದುರ್ಗೇಕರರಿಗೆ.
ಸೊಸೆ ಎಬ್ಬಿಸಿ ಕೊಟ್ಟಳು.
'ಕೋಡಿಬಾಗದ ಸೆಲೀನ್, ರಿಪೇರಿಯವಳು' ಎಂದು ಮೂರು ಸಲ ಕೂಗಿದೆ.
'ನಾನು ಬರೆದದ್ದು ಎಲ್ಲಿ ಮಾರಾಯ್ತಿ,' ಅಂದರು,
'ಕೂಡೋದು ಕಳೆಯೋದು ಅಷ್ಟೇ ನನ್ನದು.
ಪರದೆಗೆ ಅಕ್ಷರ ಹಾಕೋದು, ಪ್ರಿಂಟರ್ ಕರೆಯೋದು,
ಅದೆಲ್ಲ ಯಾರ್ಯಾರೋ ಮಾಡಿಟ್ಟದ್ದು. ಕೈಗಡ.
ಆ ಮಶೀನಲ್ಲಿ ಇತ್ತು. ಎಲ್ಲದರಲ್ಲೂ ಇರ್ತದೆ ಅಂದ್ಕೊಂಡೆ.
ಪಟ್ಟಿ ಬರೆದಿಡಬೇಕಿತ್ತು.'
ಕೆಮ್ಮಿದರು. ಫೋನು ಇಟ್ಟರೇನೋ ಎನ್ನುವಾಗ,
'ಪಾತಿ ದೋಣಿಯವರಿಗೆ ಎಂಟಾಣೆ ಬಿಡೋ ಒಂದು ಸಾಲು ಹಾಕಿದ್ದೆ.
ಯಾರಿಗೂ ಹೇಳಿರಲಿಲ್ಲ.
ಅದು ಇನ್ನೂ ಇದೆಯೇನೇ?'

ನನಗೇನು ಗೊತ್ತು.
ಕಂಪೈಲ್ ಆದದ್ದರ ಹೊಟ್ಟೆ ಕಾಣುವುದಿಲ್ಲ.

ಮೂರು ಹಳೆಯ ಲೈಬ್ರರಿ, ಎಲ್ಲೋ ಯಾರೋ ಎಸೆಯದೆ ಕಾದಿಟ್ಟವು,
ಒಂದೊಂದೇ ಇಳಿದವು. ಎರಡನೆಯದು ತೊಂಬತ್ತೆಂಟಕ್ಕೆ ನಿಂತು
ಮೊದಲಿನಿಂದ ಶುರುವಾಯಿತು.
ಬೇರೆ ಫೋಲ್ಡರು ಮಾಡಿ ಇಟ್ಟೆ.
ಇಟ್ಟರೂ ಸಿಗಲಿಲ್ಲವೆಂದೇ ಹೇಳಿತು, ಅರ್ಧ ಗಂಟೆ.
ಎಲ್ಲಿ ಹುಡುಕಬೇಕೆಂದು ಹೇಳುವುದನ್ನೇ ಮರೆತಿದ್ದೆ.
ಹೇಳಿದೆ.
ಮತ್ತೆ ಕೇಳಿದಾಗ ಹನ್ನೊಂದು ಹೆಸರಿನ ಮುಂದೆಯೂ
ಹನ್ನೊಂದು ವಿಳಾಸ.

ನಾಲ್ಕಕ್ಕೆ ಐದು ನಿಮಿಷ. ಹೊರಗೆ ಟ್ರಾಲರುಗಳ ಗುಡುಗುಡು.
ಸಾಲಿನಲ್ಲಿ ಮೊದಲು ಉಲ್ಲಾಸ ತಾಂಡೇಲ, ಪಾತಿ ದೋಣಿ,
ಮೂರು ಬ್ಲಾಕ್ ಐಸು.
ಪ್ರಿಂಟರು ಕರಕರ ಎಂದಿತು.
ಮನೋರಮಾಬಾಯಿ ಬಾಯಲ್ಲೇ ಗುಣಿಸಿದರು: ನೂರಾ ಎಂಬತ್ತೇಳೂವರೆ.
ಚೀಟಿಯಲ್ಲಿ: ನೂರಾ ಎಂಬತ್ತೇಳು.
'ತಪ್ಪು ಬಂತಲ್ಲೇ ತಂಗೀ!'

ಇಲ್ಲ ಬಾಯಿ, ಕೊಡಿ ಅವನಿಗೆ.

ಏಳು ಗಂಟೆಯಾಗಲಿ.
ಮಾಜಾಳಿಯಲ್ಲಿ ಅವರು ಎದ್ದು
ಕಿವಿಗೆ ಮಶೀನು ಸಿಕ್ಕಿಸಿಕೊಳ್ಳಲಿ,
ಕೂಗದೆಯೇ ಹೇಳುತ್ತೇನೆ.